ಮೂರು ದಿನದ ಮೇಲೆ ಬೆಚ್ಚಗಾದ ಕಾಲು

ಪ್ರೀತಿಯ ಮಗಳೇ,

ಸೈನಿಕರಾಗಿದ್ದ ನಿನ್ನ ಅಜ್ಜನ ಬಗ್ಗೆ ನೀನು ಬರೆದು ಕಳಿಸಿದ ಸಿನಿಮಾ ಚಿತ್ರಕಥೆ ಓದಿದೆ. ಜೊತೆಗಿದ್ದ ನಿನ್ನ ಅಜ್ಜನ ನೋಟ್‌ಬುಕ್ಕಿನ ನಾಲ್ಕು ಪುಟಗಳ ಫೋಟೋಗಳನ್ನೂ ನೋಡಿದೆ. ಚಿತ್ರಕಥೆಯನ್ನು ಒಂದು ಸಲ ಓದಿದೆ. ಆ ನಾಲ್ಕು ಪುಟಗಳನ್ನು ಐದಾರು ಸಲ ಓದಿರಬೇಕು. ನಿನಗೆ ಬೇಜಾರಾಗಬಹುದು, ಆದರೂ ಹೇಳಿಬಿಡುತ್ತೇನೆ. ಎರಡರಲ್ಲೂ ಇರುವುದು ಒಬ್ಬರೇ ಮನುಷ್ಯ ಅಂತ ನನಗೆ ಅನ್ನಿಸಲಿಲ್ಲ.

ಚಿತ್ರಕಥೆಯಲ್ಲಿ ನಿನ್ನ ಅಜ್ಜ ಗುಂಡು ತಗುಲಿದ ಗೆಳೆಯನನ್ನು ತೊಡೆಯ ಮೇಲೆ ಮಲಗಿಸಿಕೊಂಡು ತಾಯ್ನಾಡಿನ ಬಗ್ಗೆ ಮಾತಾಡುತ್ತಾರೆ. ಒಂದೂವರೆ ಪುಟ ಮಾತಾಡುತ್ತಾರೆ. ಅದೇ ತಾರೀಖಿನ ಕೆಳಗೆ ನೋಟ್‌ಬುಕ್ಕಿನಲ್ಲಿರುವುದು ಮೂರೇ ಸಾಲು. ಲಂಗರ್‌ನಿಂದ, ಅಂದರೆ ಸೇನೆಯ ಅಡುಗೆಮನೆಯಿಂದ, ರೊಟ್ಟಿ ತಡವಾಗಿ ಬಂತು. ರಾತ್ರಿ ಚಳಿ ಜಾಸ್ತಿ. ಊರಿಂದ ಕಾಗದ ಬಂದಿಲ್ಲ. "ಇದರಲ್ಲಿ ಏನೂ ಇಲ್ಲ ಮೇಷ್ಟ್ರೇ, ಅದಕ್ಕೇ ನಾನು ಸೇರಿಸಿದೆ" ಅಂತ ಬರೆದಿದ್ದೀಯ. ಆ ಮಾತು ನನ್ನನ್ನು ಎರಡು ದಿನ ಬಿಡಲಿಲ್ಲ.

ನಿನಗೆ ಎರಡನೇ ಮಹಾಯುದ್ಧದ ಸೈನಿಕ ಆಡೀ ಮರ್ಫಿಯ ವಿಷಯ ಹೇಳಬೇಕು. ಅಮೆರಿಕದ ಟೆಕ್ಸಸ್‌ನಲ್ಲಿ ಯಾರದೋ ಹೊಲ ಉಳುತ್ತಿದ್ದ ಬಡವರ ಮನೆಯ ಹುಡುಗ. ಅಪ್ಪ ಬಿಟ್ಟುಹೋಗಿದ್ದ, ತಾಯಿ 1941ರಲ್ಲಿ ತೀರಿಕೊಂಡಳು. ಮರುವರ್ಷ ಜಾಸ್ತಿ ವಯಸ್ಸು ತೋರಿಸಿ ಸೈನ್ಯ ಸೇರಿದ. ಕುಳ್ಳಗೆ, ಸಣ್ಣಗೆ ಇದ್ದ. ಸಮುದ್ರದಿಂದ ದಡಕ್ಕಿಳಿದು ಕಾದುವ ಮರೀನ್ ಪಡೆಯವರು ಬೇಡ ಅಂದಿದ್ದರು.

1945ರ ಜನವರಿ 26. ಫ್ರಾನ್ಸಿನ ಅಲ್ಸಾಸ್, ಹೋಲ್ಟ್ಸ್‌ವೀರ್ ಎಂಬ ಹಳ್ಳಿಯ ಹತ್ತಿರದ ಕಾಡಂಚು. ನೆಲದ ತುಂಬ ಹಿಮ. ಎದುರಿಗೆ 6 ಜರ್ಮನ್ ಟ್ಯಾಂಕು, ಅವುಗಳ ಜೊತೆ ಸಾಲುಸಾಲಾಗಿ ಕಾಲಾಳುಗಳು. ಮರ್ಫಿಗೆ ಆಗ 19 ವರ್ಷ, ಇಡೀ ಕಂಪನಿಯ, ಅಂದರೆ ಸೈನಿಕರ ತುಕಡಿಯ, ಜವಾಬ್ದಾರಿ ಅವನ ತಲೆಯ ಮೇಲೆ. ತನ್ನವರನ್ನು ಹಿಂದೆ ಕಾಡಿನೊಳಕ್ಕೆ ಕಳಿಸಿದ. ತಾನು ಫೋನ್ ಹಿಡಿದು ಮುಂದೆಯೇ ಉಳಿದ, ಹಿಂದಿದ್ದ ಫಿರಂಗಿಗಳಿಗೆ ಗುರಿ ಹೇಳುತ್ತಾ. ಹತ್ತಿರದಲ್ಲೇ ಒಂದು ಟ್ಯಾಂಕ್ ಡೆಸ್ಟ್ರಾಯರ್, ಟ್ಯಾಂಕುಗಳನ್ನು ಹೊಡೆಯುವ ಫಿರಂಗಿ ಗಾಡಿ, ಏಟು ತಿಂದು ಉರಿಯುತ್ತಿತ್ತು. ಯಾವ ಗಳಿಗೆಯಲ್ಲಿ ಬೇಕಾದರೂ ಸಿಡಿಯುವಂಥದ್ದು. ಅದನ್ನೇ ಹತ್ತಿ, ಅದರ ಮೆಷಿನ್ ಗನ್ ಹಿಡಿದು, ಒಬ್ಬನೇ ಸುಮಾರು ಒಂದು ತಾಸು ಅವರನ್ನು ತಡೆದ. ಕಾಲಿಗೆ ಗಾಯವಾಯಿತು. ಅಮೆರಿಕದ ಅತಿ ದೊಡ್ಡ ಸೇನಾ ಪದಕ, ಮೆಡಲ್ ಆಫ್ ಆನರ್, ಅವನಿಗೆ ಸಿಕ್ಕಿದ್ದು ಇದಕ್ಕೆ.

1949ರಲ್ಲಿ 'ಟು ಹೆಲ್ ಅಂಡ್ ಬ್ಯಾಕ್' ಅನ್ನುವ ಅವನ ನೆನಪಿನ ಪುಸ್ತಕ ಬಂತು. 1955ರಲ್ಲಿ ಅದೇ ಹೆಸರಿನ ಸಿನಿಮಾ. ಅದರಲ್ಲಿ ಮರ್ಫಿಯ ಪಾತ್ರ ಮಾಡಿದ್ದು ಮರ್ಫಿಯೇ. ಅಂದರೆ ಮನುಷ್ಯ ಒಬ್ಬನೇ, ಮುಖ ಒಂದೇ, ಘಟನೆ ಒಂದೇ. ಹೋಲಿಸಿ ನೋಡುವುದಕ್ಕೆ ಇದಕ್ಕಿಂತ ಒಳ್ಳೆಯ ಜೋಡಿ ನನಗೆ ಸಿಕ್ಕಿಲ್ಲ.

ಪುಸ್ತಕದಲ್ಲಿ ಉರಿಯುವ ಗಾಡಿಯ ಮೇಲೆ ನಿಂತ ಗಳಿಗೆ ಬರುತ್ತದೆ. ತಲೆ ಮರಗಟ್ಟಿದೆ, ಕಲ್ಪನೆ ಅನ್ನುವುದು ಕೆಲಸವನ್ನೇ ಮಾಡುತ್ತಿಲ್ಲ ಅನ್ನುತ್ತಾನೆ. ಆಗ ಅವನ ಅರಿವಿಗೆ ಬರುವುದು ಎರಡೇ ಸಂಗತಿ. ಹೊಗೆ ಮತ್ತು ಗಾಡಿಯ ಮೇಲಿನ ಫಿರಂಗಿ ಗೋಪುರ ತನ್ನನ್ನು ಮರೆಮಾಡಿವೆ. ಮತ್ತೆ, ಮೂರು ದಿನದಲ್ಲಿ ಮೊದಲ ಸಲ ತನ್ನ ಕಾಲು ಬೆಚ್ಚಗಿದೆ.

ಈ ಸಾಲಿನ ಹತ್ತಿರ ಸ್ವಲ್ಪ ಕೂತುಕೋ. ನಲವತ್ತು ವರ್ಷದಿಂದ ಬರೆಯುತ್ತಿದ್ದೇನೆ, ಇಂಥ ಸಾಲು ನನಗೆ ಹೊಳೆಯುತ್ತಿರಲಿಲ್ಲ. ಹೊಳೆದಿದ್ದರೂ ಇಲ್ಲಿ ಇಡುವ ಧೈರ್ಯ ಬರುತ್ತಿರಲಿಲ್ಲ. ಅಡಿಯಲ್ಲಿ ಪೆಟ್ರೋಲು ಉರಿಯುತ್ತಿದೆ, ಎದುರಿಗೆ ಸಾವು ನಡೆದು ಬರುತ್ತಿದೆ. ಮೈಗೆ ಮಾತ್ರ ಅಬ್ಬಾ, ಬೆಚ್ಚಗಾಯಿತು ಅನ್ನಿಸುತ್ತಿದೆ. ಅದಕ್ಕೆ ಮುಂಚಿನ ಮೂರು ದಿನ ಹೇಗಿತ್ತು ಅಂತ ಅವನು ಬೇರೆ ವಿವರಿಸಬೇಕಿಲ್ಲ. ಒದ್ದೆ ಬೂಟು, ಬೆರಳು ಇದೆಯೋ ಇಲ್ಲವೋ ಗೊತ್ತಾಗದ ರಾತ್ರಿ, ಎಲ್ಲ ಆ ಒಂದು ಸಾಲಿನ ಬೆನ್ನಿಗೇ ಬಂದುಬಿಡುತ್ತದೆ.

ಸಿನಿಮಾದಲ್ಲಿ ಆ ಹಿಮವೇ ಇಲ್ಲ. ಗಾಡಿಯೂ ಬೇರೆ, ಟ್ಯಾಂಕ್ ಡೆಸ್ಟ್ರಾಯರ್ ಬದಲು ಷರ್ಮನ್ ಟ್ಯಾಂಕ್. ಗಾಡಿ ಬದಲಾದದ್ದನ್ನು ನಾನು ದೊಡ್ಡದು ಮಾಡುವುದಿಲ್ಲ. ಅಮೆರಿಕದಲ್ಲೇ ಚಿತ್ರೀಕರಣ ಮಾಡಿದರು, ಕೈಗೆ ಸಿಕ್ಕಿದ್ದನ್ನು ಬಳಸಿರುತ್ತಾರೆ. ಆದರೆ ಹಿಮ ಹೋದ ಮೇಲೆ ಚಳಿ ಹೋಯಿತು. ಚಳಿ ಹೋದ ಮೇಲೆ ಬೆಚ್ಚಗಾದ ಕಾಲಿಗೆ ಜಾಗ ಎಲ್ಲಿದೆ? ಉಳಿದದ್ದು ಹೊಗೆಯ ನಡುವೆ ಗುಂಡು ಹಾರಿಸುವ ಒಬ್ಬ ವೀರ. ಅವನು ಮಾಡಿದ್ದೆಲ್ಲ ನಿಜ. ಆದರೆ ಕ್ಯಾಮೆರಾ ಅವನನ್ನು ಹೊರಗಿನಿಂದ ನೋಡುತ್ತದೆ. ಬಂದೂಕಿನ ಹಿಂದೆ ನಿಂತವನಿಗೆ ತಾನು ಹೇಗೆ ಕಾಣುತ್ತೇನೆ ಅನ್ನುವುದು ಗೊತ್ತೇ ಇರುವುದಿಲ್ಲ. ಅವನಿಗೆ ಗೊತ್ತಿರುವುದು ತನ್ನ ಕಾಲು, ತನ್ನ ಹೊಟ್ಟೆ, ಕೈಯಲ್ಲಿರುವ ಫೋನು.

ಕೊನೆಯನ್ನೂ ನೋಡು. ಸಿನಿಮಾ ಪದಕ ಕೊಡುವ ಸಮಾರಂಭದಲ್ಲಿ ಮುಗಿಯುತ್ತದೆ. ಪುಸ್ತಕದ ಕೊನೆಯಲ್ಲಿ ಅವನು ರಜೆಯ ಮೇಲೆ ಫ್ರಾನ್ಸಿನ ಕಾನ್ ಪಟ್ಟಣದಲ್ಲಿದ್ದಾನೆ. ಯುರೋಪಿನಲ್ಲಿ ಯುದ್ಧ ಮುಗಿದ ಸುದ್ದಿ ಬಂದಿದೆ, ಬೀದಿಯ ತುಂಬ ಜನ ಕುಣಿಯುತ್ತಿದ್ದಾರೆ. ಅವನಿಗೆ ಮಾತ್ರ ಸುಮ್ನೆ ಕಿರಿಕಿರಿ.

ತನ್ನ ಪಾತ್ರ ತಾನೇ ಮಾಡುವುದಕ್ಕೆ ಮರ್ಫಿಗೆ ಮೊದಲು ಮನಸ್ಸಿರಲಿಲ್ಲ, ನಟ ಟೋನಿ ಕರ್ಟಿಸ್ ಮಾಡಲಿ ಅಂದಿದ್ದನಂತೆ. ಯುದ್ಧ ಮುಗಿದ ಮೇಲೂ ತುಂಬಿದ ಪಿಸ್ತೂಲನ್ನು ದಿಂಬಿನ ಕೆಳಗೆ ಇಟ್ಟುಕೊಂಡು ಮಲಗುತ್ತಿದ್ದ. ನಿದ್ದೆ ಮಾತ್ರೆಯ ಚಟ ಹತ್ತಿತು. ಬಿಡಬೇಕು ಅಂತ ಒಂದು ಕೋಣೆಯಲ್ಲಿ ತನ್ನನ್ನು ತಾನೇ ಕೂಡಿಹಾಕಿಕೊಂಡ. ಆಮೇಲೆ ಕೊರಿಯಾ, ವಿಯೆಟ್ನಾಂನಿಂದ ಮರಳಿದ ಸೈನಿಕರ ಮನಸ್ಸಿನ ಗಾಯಕ್ಕೂ ಚಿಕಿತ್ಸೆ ಬೇಕು ಅಂತ ಬಹಿರಂಗವಾಗಿ ಮಾತಾಡಿದ. ಹೋಲ್ಟ್ಸ್‌ವೀರ್‌ನಲ್ಲಿ ಮಾಡಿದ್ದಕ್ಕಿಂತ ಇದು ಕಡಿಮೆ ಧೈರ್ಯ ಅಂತ ನಾನು ಒಪ್ಪುವುದಿಲ್ಲ.

ಹಾಗಂತ ನೆನಪಿನ ಪುಸ್ತಕ ಪೂರ್ತಿ ನಿಜ, ಸಿನಿಮಾ ಪೂರ್ತಿ ಸುಳ್ಳು ಅಂದುಕೊಳ್ಳಬೇಡ. ಆ ಪುಸ್ತಕ ಬರೆಯಲು ಮರ್ಫಿ ಜೊತೆ ಡೇವಿಡ್ ಮೆಕ್‌ಕ್ಲೂರ್ ಎಂಬ ಬರಹಗಾರ ಗೆಳೆಯನಿದ್ದ. ಹೆಸರುಗಳನ್ನು ಬದಲಿಸಿದ್ದಾರೆ. ಮರ್ಫಿಯ ಜೀವದ ಗೆಳೆಯ ಲ್ಯಾಟಿ ಟಿಪ್ಟನ್ 1944ರ ಆಗಸ್ಟಿನಲ್ಲಿ ದಕ್ಷಿಣ ಫ್ರಾನ್ಸಿನಲ್ಲಿ ಸತ್ತ. ಶರಣಾಗುವಂತೆ ತೋರಿಸಿ ಅವನನ್ನು ಕೊಂದರು. ಕಥೆಯೊಳಗೆ ಅವನು ಬ್ರ್ಯಾಂಡನ್. ನಿಜವಾದ ಹೆಸರು ಅರ್ಪಣೆಯ ಪುಟದಲ್ಲಿದೆ. ಗೆಳೆಯನನ್ನು ಕಥೆಯಲ್ಲಿ ಬಚ್ಚಿಟ್ಟು ಮೊದಲ ಪುಟದಲ್ಲಿ ಹೆಸರು ಹಿಡಿದು ಕರೆದಿದ್ದಾನೆ. ಆ ಪುಟ ತಿರುವುವಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಬದಲಿಸುವುದೇ ತಪ್ಪು ಅಂತಲೂ ಅಲ್ಲ. ಯೂಜೀನ್ ಸ್ಲೆಡ್ಜ್ ಅಂತ ಒಬ್ಬ ಮರೀನ್. 1944ರಲ್ಲಿ ಪೆಸಿಫಿಕ್ ಸಾಗರದ ಪೆಲೆಲಿಯು ದ್ವೀಪದಲ್ಲಿ ಜಪಾನೀಯರ ವಿರುದ್ಧ ಹೋರಾಡುವಾಗ ಜೇಬಿನಲ್ಲಿದ್ದ ಪುಟ್ಟ ಬೈಬಲ್‌ನಲ್ಲಿ ಗುಟ್ಟಾಗಿ ಟಿಪ್ಪಣಿ ಮಾಡಿಕೊಳ್ಳುತ್ತಿದ್ದ. ಪುಸ್ತಕ ಬಂದದ್ದು 1981ರಲ್ಲಿ. ಅದರಲ್ಲಿ ಅವನು ತನ್ನದೇ ಒಂದು ಕೆಟ್ಟ ಗಳಿಗೆ ಹೇಳಿಕೊಳ್ಳುತ್ತಾನೆ. ಸತ್ತ ಜಪಾನಿ ಸೈನಿಕನ ಚಿನ್ನದ ಹಲ್ಲು ಕೀಳಲು ಹೊರಟಿದ್ದ. ತುಕಡಿಯ ವೈದ್ಯ ಸಹಾಯಕ ತಡೆದ, ರೋಗಾಣು ಇರುತ್ತೆ ಬೇಡ ಅಂದ. ರೋಗಾಣು ಬರೀ ನೆಪ, ತನ್ನೊಳಗಿನ ಮನುಷ್ಯನನ್ನು ಅವನು ಉಳಿಸಿದ ಅಂತ ಸ್ಲೆಡ್ಜ್‌ಗೆ ಆಮೇಲೆ ಅರ್ಥವಾಯಿತು. 2010ರ 'ದಿ ಪೆಸಿಫಿಕ್' ಧಾರಾವಾಹಿಯಲ್ಲಿ ಆ ಮಾತನ್ನು ಸ್ನಾಫು ಎಂಬ ಸಹಸೈನಿಕನ ಬಾಯಲ್ಲಿ ಹೇಳಿಸಿದರು. ಅವನು ಸ್ವತಃ ಹಲ್ಲು ಕಿತ್ತವನು. ತಾನು ಹಾಳಾದರೂ ಇವನು ಹಾಳಾಗಬಾರದು ಅನ್ನುವ ಅರ್ಥ ಅದಕ್ಕೆ ಸೇರಿತು. ಆಡಿದವನು ಬದಲಾದ, ಸ್ಲೆಡ್ಜ್ ಹೇಳಿಕೊಂಡ ನಾಚಿಕೆ ಹಾಗೇ ಉಳಿಯಿತು. ಇಂಥ ಬದಲಾವಣೆಗೆ ನನ್ನ ತಕರಾರಿಲ್ಲ.

ತಕರಾರಿರುವುದು ಇಂಥದಕ್ಕೆ. 'ಬಾರ್ಡರ್' ನೀನೂ ನೋಡಿರುತ್ತೀಯ, 1971ರ ಭಾರತ-ಪಾಕಿಸ್ತಾನ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನಡೆದ ಲೊಂಗೆವಾಲಾ ಕದನದ ಸಿನಿಮಾ. ಅದರಲ್ಲಿ ಗಡಿ ಭದ್ರತಾ ಪಡೆ ಬಿ.ಎಸ್.ಎಫ್.ನ ಭೈರೋನ್ ಸಿಂಗ್ ಸಾಯುತ್ತಾನೆ. ಥಿಯೇಟರಿನಲ್ಲಿ ಜನ ಅತ್ತರು, ನಾನೂ ಅತ್ತೆ. ನಿಜವಾದ ಭೈರೋನ್ ಸಿಂಗ್ ರಾಠೋಡ್ ಆ ಕದನದಲ್ಲಿ ಸಾಯಲಿಲ್ಲ. ಸಿನಿಮಾ ಬಂದದ್ದು 1997ರಲ್ಲಿ, ಅವರು ತೀರಿಕೊಂಡದ್ದು 2022ರ ಡಿಸೆಂಬರ್‌ನಲ್ಲಿ. ತಾನು ಸತ್ತೆ ಅಂತ ಊರೆಲ್ಲ ನಂಬಿದ ಮೇಲೆ 25 ವರ್ಷ ಬದುಕುವುದು ಹೇಗಿರುತ್ತೆ, ಯೋಚಿಸು.

ನಿನ್ನ ಚಿತ್ರಕಥೆಯಲ್ಲಿ ಸಾಯುವ ಗೆಳೆಯನಿಗೆ ನೋಟ್‌ಬುಕ್ಕಿನಲ್ಲಿರುವ ಹೆಸರನ್ನೇ ಇಟ್ಟಿದ್ದೀಯ. ಆ ನಾಲ್ಕು ಪುಟಗಳಲ್ಲಿ ಅವರು ಸತ್ತದ್ದು ನನಗೆ ಎಲ್ಲೂ ಕಾಣಲಿಲ್ಲ. ಮೊದಲು ಅದನ್ನು ವಿಚಾರಿಸು. ಬದುಕಿದ್ದರೆ ಹೋಗಿ ಕಂಡು ಬಾ.

ನಾನು ಹೊಸದಾಗಿ ಬರೆಯಲು ಶುರು ಮಾಡಿದ್ದಾಗ ಒಂದು ವಾರಪತ್ರಿಕೆಗಾಗಿ ನಿವೃತ್ತ ಹವಾಲ್ದಾರರೊಬ್ಬರನ್ನು ಮಾತಾಡಿಸಿದ್ದೆ. ಅವರು ಒಂದು ಗಂಟೆ ಬೂಟಿನ ವಿಷಯ ಹೇಳಿದರು. ಅಳತೆ ಸರಿಯಿಲ್ಲದ ಬೂಟು, ಒಳಗೆ ತುರುಕುತ್ತಿದ್ದ ಹಳೇ ಬಟ್ಟೆ, ಬೂಟು ಬಿಚ್ಚಿದರೆ ಮತ್ತೆ ಹಾಕಿಕೊಳ್ಳಲಾಗದೆ ಹಾಗೇ ಮಲಗಿದ್ದು. ಗುಂಡೇಟಿನ ಬಗ್ಗೆ ಹೇಳಿದ್ದು ಎರಡು ನಿಮಿಷ. ನಾನು ಬೂಟನ್ನು ಬಿಟ್ಟೆ, ಗುಂಡೇಟನ್ನು ಎರಡು ಪುಟ ಮಾಡಿದೆ. ಪತ್ರಿಕೆ ಕೊಡಲು ಹೋದಾಗ ಅವರು ಪೂರ್ತಿ ಓದಿ, ಮಡಚಿ, "ಬೂಟಿನ ವಿಷಯ ಬರೆದಿಲ್ವಲ್ಲಪ್ಪ" ಅಂದರು. ಕಾಫಿ ಕೊಟ್ಟೇ ಕಳಿಸಿದರು. ಅವರು ಈಗಿಲ್ಲ. ಆ ಬೂಟನ್ನು ಸರಿಯಾಗಿ ಬರೆಯಲು ನನ್ನ ಹತ್ತಿರ ವಿವರಗಳೂ ಉಳಿದಿಲ್ಲ.

ಬ್ರಿಗೇಡಿಯರ್ ಜಾನ್ ದಳ್ವಿ ಅವರ 'ಹಿಮಾಲಯನ್ ಬ್ಲಂಡರ್' ಓದು. ರವಿ ಬೆಳಗೆರೆ ಕನ್ನಡಕ್ಕೆ ತಂದಿದ್ದಾರೆ. 1962ರ ಚೀನಾ ಯುದ್ಧದಲ್ಲಿ ನಮ್ಮವರು ಹತ್ತಿ ಬಟ್ಟೆಯಲ್ಲಿ, ತಲಾ 50 ಗುಂಡು ಇಟ್ಟುಕೊಂಡು ಹಿಮಾಲಯದ ಗಡಿಯ ನಮ್ಕಾ ಚೂ ಹೊಳೆಯ ದಂಡೆಯಲ್ಲಿ ಕಾದಿದ್ದರು. ಅದನ್ನು ಓದುವಾಗ ಸಿಟ್ಟು ಬರುವುದು ಭಾಷಣದಿಂದಲ್ಲ, ಆ ಬಟ್ಟೆಯಿಂದ, ಆ 50ರ ಲೆಕ್ಕದಿಂದ.

ಈಗ ನಿನ್ನ ದೃಶ್ಯಕ್ಕೆ ಬಾ. ಆ ಒಂದೂವರೆ ಪುಟದ ಮಾತನ್ನು ತೆಗೆದುಬಿಡು. ರೊಟ್ಟಿ ತಡವಾಗಿ ಬರಲಿ. ತಂದವನು ಯಾವ ದಾರಿಯಲ್ಲಿ ಬಂದ, ರೊಟ್ಟಿ ಎಷ್ಟು ಗಟ್ಟಿಯಾಗಿತ್ತು, ಎಷ್ಟು ಜನರ ಪಾಲು ಉಳಿಯಿತು, ಇಷ್ಟು ತೋರಿಸು. ಉಳಿದ ರೊಟ್ಟಿ ಯಾರದ್ದು ಅಂತ ಯಾರೂ ಬಾಯಿಬಿಟ್ಟು ಹೇಳುವುದು ಬೇಡ.

ನೋಟ್‌ಬುಕ್ಕಿನ ಉಳಿದ ಪುಟಗಳನ್ನೂ ಕಳಿಸು. ಮಸಿ ಹರಡಿದ ಕಡೆ ನೀನೇ ಊಹೆ ಮಾಡಿ ತುಂಬಬೇಡ, ಹಾಗೇ ಬಿಡು. "ಕಾಗದ ಬಂದಿಲ್ಲ" ಅಂತ ಆ ನಾಲ್ಕು ಪುಟಗಳಲ್ಲೇ ಮೂರು ಸಲ ಬರೆದಿದ್ದಾರೆ. ನಿನ್ನ ಅಜ್ಜಿ ಇನ್ನೂ ಗಟ್ಟಿಮುಟ್ಟಾಗಿದ್ದಾರೆ ಅಂದಿದ್ದೆ ಅಲ್ವಾ? ಈ ಭಾನುವಾರ ಊರಿಗೆ ಹೋಗು. ಆ ತಿಂಗಳು ಕಾಗದ ಯಾಕೆ ತಡವಾಯಿತು ಅಂತ ಅವರನ್ನೇ ಕೇಳು.

ನಿನ್ನ ಮೇಷ್ಟ್ರು