ಮಗು ಮೊಟ್ಟೆಗೆ ಬಣ್ಣ ಹಚ್ಚಲಿ ಬಿಡು

ಪ್ರೀತಿಯ ಶಾಲಿನಿ,

ನಿನ್ನ ಮೆಸೇಜ್ ನೋಡಿದೆ. ಈಸ್ಟರ್ ಅನ್ನುವುದು ಬಾಬಿಲೋನಿನ ಇಷ್ಟಾರ್ ದೇವತೆಯ ಹಬ್ಬ, ಮೊಟ್ಟೆಗೆ ಬಣ್ಣ ಹಚ್ಚಿದರೆ ವಿಗ್ರಹಾರಾಧನೆ ಎಂದು ನಿಮ್ಮ ಪ್ರಾರ್ಥನಾ ಕೂಟದಲ್ಲಿ ಹೇಳಿದರಂತೆ. ಮಗುವಿಗೆ ಬೇಡ ಅನ್ನಲೂ ಆಗದೆ, ಹೂಂ ಅನ್ನಲೂ ಆಗದೆ ಒದ್ದಾಡುತ್ತಿದ್ದೀಯಾ. ಹಚ್ಚಲಿ ಬಿಡು ಮಗಳೇ. ಯಾಕೆ ಅಂತ ಹೇಳುತ್ತೇನೆ.

ಇಷ್ಟಾರ್ ಮಾತನ್ನು ಮೊದಲು ಬದಿಗಿಡು. ಅದನ್ನು ಜಾಸ್ತಿ ಹರಡಿದವರು 1850ರ ದಶಕದಲ್ಲಿ ಸ್ಕಾಟ್ಲೆಂಡಿನ ಸಭಾಪಾಲಕ ಅಲೆಕ್ಸಾಂಡರ್ ಹಿಸ್ಲಾಪ್. ರೋಮಿನ ಕೆಥೊಲಿಕ್ ಸಭೆಯಲ್ಲಿರುವುದೆಲ್ಲ ಬಾಬಿಲೋನಿನದು ಎಂದು ಸಾಧಿಸುವ ಹಟ ಅವರಿಗೆ. ಹೆಸರು ಕಿವಿಗೆ ಒಂದೇ ಥರ ಕೇಳುತ್ತದೆ, ಅದು ಬಿಟ್ಟರೆ ಗಟ್ಟಿ ಆಧಾರವಿಲ್ಲ.

ಈಸ್ಟರ್ ಎಂಬ ಇಂಗ್ಲಿಷ್ ಹೆಸರಿಗೆ ನಿಜವಾದ ಆಧಾರ ನಿನ್ನ ಪಕ್ಕದಲ್ಲೇ ಇದೆ. ನ್ಯೂಕಾಸಲ್‌ನಲ್ಲಿ ಮೆಟ್ರೋ ಹತ್ತಿದರೆ ಜಾರೋ ಎಂಬ ಊರು ಸಿಗುತ್ತದೆ. ಅಲ್ಲಿಯ ಸಂತ ಪೌಲರ ದೇವಾಲಯದಲ್ಲಿ 685ರ ಪ್ರತಿಷ್ಠೆಯ ಕಲ್ಲು ಇನ್ನೂ ಇದೆ. ಅಲ್ಲಿದ್ದ ಕ್ರೈಸ್ತ ಮಠದ ಬೀಡ್ ಎಂಬ ಸನ್ಯಾಸಿ 725ರಲ್ಲಿ ಒಂದು ಮಾತು ಬರೆದಿಟ್ಟರು: ಹಿಂದಿನ ಇಂಗ್ಲಿಷರು ಏಪ್ರಿಲ್ ಹೊತ್ತಿನ ತಿಂಗಳನ್ನು ಈಯೋಸ್ಟ್ರೆ ಎಂಬ ದೇವತೆಯ ಹೆಸರಿನಿಂದ ಕರೆಯುತ್ತಿದ್ದರು, ಆಗ ಅವಳಿಗೆ ಹಬ್ಬ ಮಾಡುತ್ತಿದ್ದರು. ಅಷ್ಟೇ. ಮೊಟ್ಟೆಯ ಸುದ್ದಿ ಇಲ್ಲ, ಈಸ್ಟರ್‌ಗೆ ಮೊಟ್ಟೆ ತರುತ್ತದೆ ಅನ್ನುವ ಮೊಲದ ಸುದ್ದಿಯೂ ಇಲ್ಲ. ಬೀಡ್ ಸುಮ್ನೆ ಕಥೆ ಕಟ್ಟಿದರು ಅಂತಲೂ ನನಗೆ ಅನ್ನಿಸುವುದಿಲ್ಲ. ಜರ್ಮನಿಯಲ್ಲಿ 1958ರಲ್ಲಿ ಇದೇ ಥರದ ಹೆಸರಿನ ತಾಯಿ ದೇವತೆಗಳಿಗೆ ಹರಕೆ ಒಪ್ಪಿಸಿದ ನೂರೈವತ್ತಕ್ಕೂ ಜಾಸ್ತಿ ಕಲ್ಲುಗಳು ಸಿಕ್ಕಿವೆ.

ಆದರೆ ಹಬ್ಬ ಅಲ್ಲಿಂದ ಬಂದದ್ದಲ್ಲ. ಅದು ಈಜಿಪ್ಟಿನ ದಾಸತ್ವದಿಂದ ಬಿಡುಗಡೆಯಾದ ನೆನಪಿಗೆ ಯೆಹೂದ್ಯರು ಮಾಡುವ ಪಸ್ಕ ಹಬ್ಬದಿಂದ ಬಂದದ್ದು. ಅದನ್ನು ಯಾವ ದಿನ ಮಾಡಬೇಕು ಅಂತ ಎರಡನೇ ಶತಮಾನದಲ್ಲೇ ಸಭೆಗಳು ಚರ್ಚೆ ಮಾಡುತ್ತಿದ್ದವು. 325ರಲ್ಲಿ ನೈಸಿಯದ ಮಹಾಸಭೆಯೂ ಆ ವಿಚಾರ ಎತ್ತಿಕೊಂಡಿತು. ಇಂಗ್ಲಿಷರಿಗೆ ಸುವಾರ್ತೆ ಸಾರಲು ರೋಮಿನಿಂದ ಜನ ಬಂದದ್ದು 597ರಲ್ಲಿ, ಹಬ್ಬ ಅದಕ್ಕಿಂತ ಎಷ್ಟೋ ಹಳೆಯದು!

ಮೊಟ್ಟೆಯ ಕಥೆ ಅಡುಗೆಮನೆಯದು. ಆಗಿನ ಕಾಲದಲ್ಲಿ ಲೆಂಟ್, ಅಂದರೆ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲಿ ಮೊಟ್ಟೆಯನ್ನೂ ಬಿಡುತ್ತಿದ್ದರು. ಕೋಳಿ ಕೇಳಬೇಕಲ್ಲ, ಅದು ಇಡುತ್ತಲೇ ಇತ್ತು. ಹಬ್ಬದ ಹೊತ್ತಿಗೆ ಮನೆ ತುಂಬ ಮೊಟ್ಟೆ. ಇಂಗ್ಲೆಂಡಿನ ದೊರೆ ಒಂದನೇ ಎಡ್ವರ್ಡ್ 1290ರಲ್ಲಿ 450 ಮೊಟ್ಟೆ ತರಿಸಿ, ಬಣ್ಣ ಹಾಕಿಸಿ, ಚಿನ್ನದ ರೇಕು ಅಂಟಿಸಿ ಹಂಚಿದ ಲೆಕ್ಕವಿದೆ. ಮೊಲ ಬರಹದಲ್ಲಿ ಕಾಣುವುದು ಇನ್ನೂ ತಡವಾಗಿ, 1682ರಲ್ಲಿ, ಜರ್ಮನ್ ವೈದ್ಯರೊಬ್ಬರ ಪುಸ್ತಕದಲ್ಲಿ.

ಹಾಗಂತ ಎಲ್ಲವೂ ನಮ್ಮದೇ ಅಂತ ಎದುರು ವಾದಕ್ಕೂ ಇಳಿಯಬೇಡ. 601ರಲ್ಲಿ ಪೋಪ್ ಗ್ರೆಗೊರಿಯೇ ಇಂಗ್ಲೆಂಡಿನ ಹಳೇ ಗುಡಿಗಳನ್ನು ಕೆಡವಬೇಡಿ, ವಿಗ್ರಹ ತೆಗೆದು ಅಲ್ಲೇ ಆರಾಧನೆ ಮಾಡಿ ಎಂದು ಪತ್ರ ಬರೆದಿದ್ದರು. ಪೋಲೆಂಡಿನಲ್ಲಿ ಚಳಿಗಾಲ ಕಳೆಯಲಿ ಅಂತ ಹುಲ್ಲಿನ ಬೊಂಬೆಯನ್ನು ನೀರಿಗೆ ಹಾಕುತ್ತಾರೆ. 1420ರಲ್ಲಿ ಸಭೆ ಬೇಡ ಅಂದರೂ ಅದು ಇವತ್ತಿಗೂ ನಿಂತಿಲ್ಲ. ನಮ್ಮ ಕರಾವಳಿಯಲ್ಲಿ ಕೆಥೊಲಿಕರು ಸೆಪ್ಟೆಂಬರ್ 8ಕ್ಕೆ ಹೊಸ ತೆನೆಯನ್ನು ಆಶೀರ್ವದಿಸಿ ಮನೆಗೆ ಒಯ್ಯುವುದಿಲ್ವಾ? ಅಕ್ಕಪಕ್ಕದ ಹಿಂದೂಗಳ ಮನೆಯಲ್ಲೂ ಹೊಸ ಅಕ್ಕಿ ಊಟ. ಒಂದೇ ಮಣ್ಣಿನ ಜನ, ಅದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಬಣ್ಣದ ಡಬ್ಬಿ ಬೇಡ. ನೀನಿರುವ ಉತ್ತರ ಇಂಗ್ಲೆಂಡಿನ ಕ್ರಮದಲ್ಲೇ ಮಾಡು. ಮೊಟ್ಟೆಯ ಸುತ್ತ ಒಣ ಈರುಳ್ಳಿ ಸಿಪ್ಪೆ ಸುತ್ತಿ, ಬಟ್ಟೆಯಲ್ಲಿ ಬಿಗಿಯಾಗಿ ಕಟ್ಟಿ, ಗಟ್ಟಿಯಾಗುವವರೆಗೆ ಬೇಯಿಸು. ಬಿಚ್ಚಿದಾಗ ಕೆಂಪು, ಕಂದು, ಹಳದಿ ಗೆರೆ ಬಿದ್ದಿರುತ್ತದೆ. ಒಂದು ತೊಟ್ಟು ಎಣ್ಣೆ ಸವರಿದರೆ ಹೊಳೆಯುತ್ತದೆ. ಪೇಸ್ ಎಗ್ ಅಂತ ಅದರ ಹೆಸರು.

ಕೂಟದವರ ಜೊತೆ ಜಗಳ ಬೇಡ. ವಿಗ್ರಹಕ್ಕೆ ಒಪ್ಪಿಸಿದ ಮಾಂಸದ ಬಗ್ಗೆ ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದದ್ದನ್ನು ಅವರೊಂದಿಗೆ ಕೂತು ಓದು. ಸಂತೆಯಲ್ಲಿ ಸಿಕ್ಕಿದ್ದನ್ನು ತಿನ್ನಿ, ವಿಚಾರಣೆ ಬೇಡ ಅನ್ನುತ್ತಾನೆ. ಆದರೆ ಯಾರಿಗಾದರೂ ಮನಸ್ಸು ನೋಯುವುದಾದರೆ ಅವರ ಮುಂದೆ ತಿನ್ನಬೇಡಿ ಅಂತಲೂ ಅನ್ನುತ್ತಾನೆ. ಕೂಟ ನಿಮ್ಮ ಮನೆಯಲ್ಲಿ ಸೇರುವ ದಿನ ಮೊಟ್ಟೆ ಬುಟ್ಟಿಯನ್ನು ಒಳಗಿಡು. ಉಳಿದ ದಿನ ಮೇಜಿನ ಮೇಲೇ ಇರಲಿ.

ನಿನ್ನ
ದೊಡ್ಡಪ್ಪ