ಡಿಸ್ಪೋಸಲ್ ಕೂಡಿಸಿ ತಂಡದ ಬಲ ಅಳೆಯಲಾಗದು

ಮಾನ್ಯ ಸಂಪಾದಕರೇ,

ಆಸ್ಟ್ರೇಲಿಯನ್ ರೂಲ್ಸ್ ಫುಟ್‌ಬಾಲ್ ಕುರಿತು ನಿಮ್ಮ ಕ್ರೀಡಾಪುಟದಲ್ಲಿ ಬಂದ ಬರಹ ಓದಿ ಖುಷಿಯಾಯಿತು. ಮೆಲ್ಬರ್ನ್, ಅಡಿಲೇಡ್, ಪರ್ತ್‌ಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಇದು ಮನೆ ಮುಂದಿನ ಮೈದಾನದ ಆಟ. ಆದರೆ ಆ ಬರಹದಲ್ಲಿ ಎರಡೂ ತಂಡಗಳ ಆಟಗಾರರ ಡಿಸ್ಪೋಸಲ್‌ಗಳನ್ನು, ಅಂದರೆ ಕಿಕ್ ಮತ್ತು ಹ್ಯಾಂಡ್‌ಬಾಲ್‌ಗಳನ್ನು (ಮುಷ್ಟಿಯಿಂದ ಗುದ್ದಿ ಕೊಡುವ ಪಾಸ್) ಕೂಡಿಸಿ, ಯಾರ ಮೊತ್ತ ಹೆಚ್ಚೋ ಅವರೇ ಮೇಲುಗೈ ಎಂದು ತೀರ್ಮಾನಿಸಿದ್ದು ಸರಿಯಲ್ಲ. ಚೆಂಡು ಎಷ್ಟು ಸಲ ಕೈಗೆ ಬಂತು ಎಂಬುದಕ್ಕಿಂತ ಎಲ್ಲಿ ಸಿಕ್ಕಿತು, ಎಲ್ಲಿ ಕಳೆದುಹೋಯಿತು, ಗೋಲಿಗೆ ಒದ್ದಾಗ ಎಷ್ಟು ಅವಕಾಶವಿತ್ತು ಎಂಬುದೇ ಈ ಆಟದಲ್ಲಿ ಮುಖ್ಯ.

ಈ ಆಟದ ಪ್ರಮುಖ ಲೀಗ್ ಆದ ಎಎಫ್‌ಎಲ್‌ನ 2008ರ ಗ್ರ್ಯಾಂಡ್ ಫೈನಲ್, ಅಂದರೆ ಪ್ರಶಸ್ತಿ ಪಂದ್ಯ ನೋಡಿ. ಆ ವರ್ಷದ ಲೀಗ್ ಹಂತದ 22 ಪಂದ್ಯಗಳಲ್ಲಿ ಗೀಲಾಂಗ್ ಸೋತದ್ದು ಒಂದೇ. ಫೈನಲ್‌ನಲ್ಲಿ ಅದರ ಸ್ಕೋರ್ 11 ಗೋಲು, 23 ಬಿಹೈಂಡ್ (ಮಧ್ಯದ ಗೋಲು ಕಂಬಗಳ ಪಕ್ಕದಿಂದ ಗೆರೆ ದಾಟಿದ ಚೆಂಡು): ಗೋಲಿಗೆ 6, ಬಿಹೈಂಡ್‌ಗೆ 1ರಂತೆ 89 ಅಂಕ. ಹಾಥಾರ್ನ್ 18 ಗೋಲು, 7 ಬಿಹೈಂಡ್‌ನೊಂದಿಗೆ 115 ಗಳಿಸಿ ಗೆದ್ದಿತು. ಸ್ಕೋರ್ ಬಂದ ಸಂದರ್ಭಗಳನ್ನಷ್ಟೇ ಎಣಿಸಿದರೆ ಗೀಲಾಂಗ್ 34, ಹಾಥಾರ್ನ್ 25. ಗೀಲಾಂಗ್ ಗುರಿ ತಪ್ಪಿ ಸೋತಿತು ಅನ್ನಿಸುತ್ತದೆ. ಆದರೆ ಆ 23 ಬಿಹೈಂಡ್‌ಗಳಲ್ಲಿ 11 ಹಾಥಾರ್ನ್ ಆಟಗಾರರೇ ಚೆಂಡನ್ನು ತಮ್ಮ ಗೆರೆ ದಾಟಿಸಿ ಬಿಟ್ಟುಕೊಟ್ಟ ರಶ್ಡ್ ಬಿಹೈಂಡ್‌ಗಳು. ಒಂದು ಅಂಕ ಹೋದರೂ ಚೆಂಡು ತಮ್ಮ ಕೈಗೇ ಬಂದು, ಗೋಲಿನ ಮುಂದಿನಿಂದ ಒದ್ದು ಆಟ ಮತ್ತೆ ಶುರುಮಾಡುವ ಕಿಕ್-ಇನ್‌ನಿಂದ ಹೊಸದಾಗಿ ಆಟ ಕಟ್ಟಬಹುದೆಂಬ ಲೆಕ್ಕಾಚಾರ ಅದು. ಅವನ್ನು ಕಳೆದರೆ ಗೀಲಾಂಗ್‌ನದು 34 ಅಲ್ಲ, 23. ಒತ್ತಡವಿಲ್ಲದಿದ್ದರೂ ಬೇಕೆಂದೇ ಹೀಗೆ ಮಾಡಿದರೆ ಎದುರಾಳಿಗೆ ಫ್ರೀ ಕಿಕ್ ಕೊಡುವ ನಿಯಮ 2009ರಲ್ಲಿ ಬಂತು. ಹಾಗಾಗಿ ಬಿಹೈಂಡ್ ಕಾಲಂ ನೋಡುವಾಗ ರಶ್ಡ್ ಎಷ್ಟು ಎಂದು ಮೊದಲು ಬೇರ್ಪಡಿಸಬೇಕು.

ಉಳಿದ ಪ್ರತಿ ಶಾಟ್‌ಗೂ ಒಂದೇ ಬೆಲೆಯಲ್ಲ. ಒಂದು ಜಾಗದಿಂದ 10 ಶಾಟ್‌ಗಳಲ್ಲಿ 6 ಗೋಲು, 3 ಬಿಹೈಂಡ್ ಆಗಿ 1 ವ್ಯರ್ಥವಾಗುತ್ತದೆ ಎಂದುಕೊಳ್ಳಿ. ಒಟ್ಟು 39 ಅಂಕ, ಅಂದರೆ ಆ ಜಾಗದ ಶಾಟ್ ಒಂದಕ್ಕೆ 3.9. ಬೌಂಡರಿಗೆ ಅಂಟಿದ ಮೂಲೆಯಿಂದ ಓಡುತ್ತಾ ಒದ್ದರೆ ಈ ಬೆಲೆ ಬಹಳ ಕೆಳಗಿಳಿಯುತ್ತದೆ. ಎಲ್ಲ ಶಾಟ್‌ಗಳ ಬೆಲೆ ಕೂಡಿಸಿದರೆ ಬರುವುದೇ ಎಕ್ಸ್‌ಪೆಕ್ಟೆಡ್ ಸ್ಕೋರ್. ನಿಜವಾದ ಸ್ಕೋರ್ ಇದಕ್ಕಿಂತ 20 ಅಂಕ ಮೇಲಿದ್ದರೆ ಅಂದು ಕಾಲು ಚೆನ್ನಾಗಿ ಕೂಡಿಬಂದಿದೆ ಎಂದರ್ಥ. ಮುಂದಿನ ವಾರವೂ ಹಾಗೇ ಆಗುತ್ತದೆಂಬ ಭರವಸೆ ಇಟ್ಟುಕೊಳ್ಳಬಾರದು. ಗೋಲುಗಳನ್ನಷ್ಟೇ ಎಣಿಸಿದರೂ ಸಾಲದು: 2023ರ ಗ್ರ್ಯಾಂಡ್ ಫೈನಲ್‌ನಲ್ಲಿ ಬ್ರಿಸ್ಬೇನ್ 13 ಗೋಲು, 8 ಬಿಹೈಂಡ್ ಹೊಡೆದು 86ಕ್ಕೆ ನಿಂತಿತು. ಕಾಲಿಂಗ್‌ವುಡ್ ಒಂದು ಗೋಲು ಕಡಿಮೆ ಹೊಡೆದರೂ 18 ಬಿಹೈಂಡ್‌ಗಳ ಬಲದಿಂದ 90 ಮುಟ್ಟಿ ಕಪ್ ಎತ್ತಿತು.

ಇನ್ನು ಡಿಸ್ಪೋಸಲ್ ಎಫಿಶಿಯೆನ್ಸಿ, ಅಂದರೆ ಡಿಸ್ಪೋಸಲ್‌ಗಳಲ್ಲಿ ಶೇಕಡಾ ಎಷ್ಟು ಸಫಲ (ಎಫೆಕ್ಟಿವ್) ಎಂಬ ಲೆಕ್ಕ. ಇದನ್ನು ನೇರವಾಗಿ ನಂಬುವವರು ಅದರ ವ್ಯಾಖ್ಯೆಯನ್ನು ತಿಳಿದಿರಬೇಕು. 40 ಮೀಟರ್‌ಗಿಂತ ಕಡಿಮೆಯ ಕಿಕ್ ಉದ್ದೇಶಿತ ಸಹ ಆಟಗಾರನಿಗೇ ಸಿಗಬೇಕು. 40 ಮೀಟರ್ ದಾಟಿದರೆ ಇಬ್ಬರಿಗೂ ಸಮಾನ ಅವಕಾಶವಿರುವ ಪೈಪೋಟಿಗೆ ಬಿದ್ದರೂ ಸಾಕು, ಎಫೆಕ್ಟಿವ್ ಎಂದೇ ದಾಖಲು. ಹಿಂದಿನ ಸಾಲಿನಲ್ಲಿ ಅಡ್ಡಡ್ಡ ಪಾಸ್ ಮಾಡುವ ಡಿಫೆಂಡರ್‌ಗೆ ಶೇ 90 ಸುಲಭ. ನಾಲ್ಕು ಜನರ ನಡುವಿನಿಂದ ಚೆಂಡು ಕಿತ್ತು ಒದೆಯುವ ಮಿಡ್‌ಫೀಲ್ಡರ್‌ಗೆ ಶೇ 65 ಬಂದರೂ ಅವನ ಕೊಡುಗೆ ದೊಡ್ಡದು. ಇವನ ಕೆಲಸ ಕಾಣುವುದು ಕಂಟೆಸ್ಟೆಡ್ ಪೊಸೆಷನ್ (ಪೈಪೋಟಿಯಲ್ಲಿ ಗೆದ್ದ ಚೆಂಡು) ಮತ್ತು ಕ್ಲಿಯರೆನ್ಸ್ (ಆಟ ನಿಂತು ಮತ್ತೆ ಶುರುವಾದ ಜಾಗದಿಂದ ಚೆಂಡನ್ನು ಹೊರತೆಗೆಯುವುದು) ಕಾಲಂಗಳಲ್ಲಿ. ಆದರೆ ಅಲ್ಲೂ ಎಚ್ಚರ ಬೇಕು: ಸಿಕ್ಕ ಫ್ರೀ ಕಿಕ್‌ಗಳೂ ಕಂಟೆಸ್ಟೆಡ್ ಪೊಸೆಷನ್‌ನಲ್ಲೇ ಸೇರಿರುತ್ತವೆ.

ಟ್ಯಾಕಲ್, ಅಂದರೆ ಚೆಂಡಿರುವ ಎದುರಾಳಿಯನ್ನು ಹಿಡಿದು ತಡೆಯುವುದು, ಹೆಚ್ಚಿದ್ದರೆ ತಂಡ ಛಲದಿಂದ ಆಡಿತು ಎನ್ನುವುದು ರೂಢಿ. ಚೆಂಡು ಎದುರಾಳಿಯ ಬಳಿಯೇ ಇದ್ದಾಗ ಟ್ಯಾಕಲ್ ಮಾಡದೆ ಬೇರೆ ದಾರಿಯಿರುವುದಿಲ್ಲ ಎಂಬುದನ್ನು ಮರೆಯುತ್ತೇವೆ. ಎದುರಾಳಿಯ ಎಷ್ಟು ಡಿಸ್ಪೋಸಲ್‌ಗೆ ಒಂದು ಟ್ಯಾಕಲ್ ಎಂದು ಭಾಗಿಸಿ ನೋಡಿ: 400ಕ್ಕೆ 70 ಮಾಡಿದ ತಂಡಕ್ಕಿಂತ 300ಕ್ಕೆ 60 ಮಾಡಿದ ತಂಡದ ಒತ್ತಡ ಹೆಚ್ಚು. ಇನ್‌ಸೈಡ್ 50 ಟ್ಯಾಕಲ್ (ತಾವು ಗೋಲು ಹೊಡೆಯುವ ಕಡೆಯ 50 ಮೀಟರ್ ಗೆರೆಯೊಳಗಿನದು) ಇನ್ನೂ ಮೌಲ್ಯವಾದದ್ದು, ಏಕೆಂದರೆ ಅಲ್ಲಿ ಚೆಂಡು ಕಿತ್ತುಕೊಂಡರೆ ಗೋಲು ಹತ್ತಿರದಲ್ಲೇ ಇರುತ್ತದೆ. ಆಟ ಮತ್ತೆ ಶುರುವಾಗುವಾಗ ಚೆಂಡಿಗಾಗಿ ಜಿಗಿಯುವ ರಕ್‌ಮನ್‌ನ ಹಿಟ್‌ಔಟ್‌ಗೂ, ಅಂದರೆ ಚೆಂಡನ್ನು ತನ್ನವರತ್ತ ತಟ್ಟುವುದಕ್ಕೂ, ಇದೇ ಮಾತು. ತನ್ನವನ ಕೈಗೆ ಬೀಳದ 40 ಹಿಟ್‌ಔಟ್‌ಗಿಂತ ಅನುಕೂಲವಾಗಿ ಬಿದ್ದ 12 ಮೇಲು.

ಆಟಗಾರರ ಅಂಕಿಅಂಶಗಳ ಮೇಲೆ ಅಭಿಮಾನಿಗಳು ಆಡುವ ಫ್ಯಾಂಟಸಿ ಆಟಗಳ ಅಂಕಗಳಿಂದ ತಂಡವನ್ನು ತೂಗುವುದನ್ನು ದಯವಿಟ್ಟು ಕೈಬಿಡಿ. ಎಎಫ್‌ಎಲ್ ಫ್ಯಾಂಟಸಿಯಲ್ಲಿ ಕಿಕ್‌ಗೆ 3, ಹ್ಯಾಂಡ್‌ಬಾಲ್‌ಗೆ 2, ಮಾರ್ಕ್‌ಗೆ (ಒದ್ದ ಚೆಂಡನ್ನು ಗಾಳಿಯಲ್ಲೇ ಹಿಡಿಯುವುದು) 3, ಟ್ಯಾಕಲ್‌ಗೆ 4. ಎದುರಾಳಿಯ ಎದೆಗೆ ಒದ್ದ ಕಿಕ್‌ಗೂ ಅದೇ 3. ಇನ್ನೊಂದು ಫ್ಯಾಂಟಸಿ ಆಟವಾದ ಸೂಪರ್‌ಕೋಚ್‌ನ ಅಂಕಗಳು ಆಟದ ಗುಣಮಟ್ಟ ನೋಡುತ್ತವೆ ನಿಜ; ಆದರೆ ಪ್ರತಿ ಪಂದ್ಯದ ಒಟ್ಟು ಮೊತ್ತವನ್ನು 3300ಕ್ಕೆ ಸರಿಹೊಂದಿಸುವುದರಿಂದ ಅದು ಆ ಪಂದ್ಯದೊಳಗಿನ ಪಾಲು ಮಾತ್ರ. ಬೇರೆ ಬೇರೆ ಪಂದ್ಯಗಳ ತಂಡಗಳನ್ನು ಅದರಿಂದ ಹೋಲಿಸಲಾಗದು. ಇನ್ನೊಂದು ವಿಷಯ: ಕಿಕ್-ಇನ್‌ನಲ್ಲಿ ಗೋಲಿನ ಮುಂದೆ ಗುರುತಿಸಿದ ಗೋಲ್ ಸ್ಕ್ವೇರ್‌ನಿಂದ ಓಡಿಬಂದು ಒದ್ದರೆ ಈಗ ಆಟಗಾರನ ಖಾತೆಗೆ ಒಂದು ಕಿಕ್ ಜಮೆ. ಎದುರಾಳಿ ಹೆಚ್ಚು ಬಿಹೈಂಡ್ ಹೊಡೆದಷ್ಟೂ ನಮ್ಮ ಡಿಫೆಂಡರ್‌ನ ಲೆಕ್ಕ ಏರುತ್ತಾ ಹೋಗುತ್ತದೆ.

ವೈಯಕ್ತಿಕ ದಾಖಲೆಯೂ ತಂಡದ ಬಲವೂ ಬೇರೆ ಬೇರೆ. 2018ರ ಮೊದಲ ಸುತ್ತಿನಲ್ಲಿ ಹಾಥಾರ್ನ್‌ನ ಟಾಮ್ ಮಿಚೆಲ್ 54 ಡಿಸ್ಪೋಸಲ್‌ಗಳೊಂದಿಗೆ ದಾಖಲೆ ಬರೆದರು, ಲೀಗ್‌ನ ಅತ್ಯುತ್ತಮ ಆಟಗಾರನಿಗೆ ಕೊಡುವ ಆ ವರ್ಷದ ಬ್ರೌನ್‌ಲೋ ಪದಕವನ್ನೂ ಗೆದ್ದರು. ತಂಡ ಮಾತ್ರ ಫೈನಲ್ಸ್ ಸರಣಿಯಲ್ಲಿ ಆಡಿದ ಎರಡೂ ಪಂದ್ಯ ಸೋತು ಹೊರಬಿತ್ತು.

ಆಟಗಾರರನ್ನು ಹೋಲಿಸುವಾಗ ಮೈದಾನದಲ್ಲಿದ್ದ ಸಮಯವನ್ನೂ ಗಣಿಸಬೇಕು. ಶೇ 80 ಸಮಯದಲ್ಲಿ 24 ಡಿಸ್ಪೋಸಲ್ ಎಂದರೆ ಪೂರ್ಣ ಪಂದ್ಯಕ್ಕೆ 30. ಶೇ 60ರಲ್ಲಿ 20 ಎಂದರೆ 33. ನಮ್ಮಲ್ಲಿ ಬ್ಯಾಟರ್‌ನ ರನ್ ಪಕ್ಕದಲ್ಲಿ ಎದುರಿಸಿದ ಎಸೆತಗಳನ್ನು ಕೊಡುವ ಹಾಗೆಯೇ ಇದು. 2020ರಲ್ಲಿ ಕ್ವಾರ್ಟರ್ 20ರ ಬದಲು 16 ನಿಮಿಷವಿತ್ತು, ಆದ್ದರಿಂದ ಆ ವರ್ಷದ ಸಂಖ್ಯೆಗಳನ್ನು ಸುಮಾರು 1.25ರಿಂದ ಗುಣಿಸದೆ ಬೇರೆ ವರ್ಷಗಳ ಪಕ್ಕ ಇಡಬಾರದು.

ಮುಂದಿನ ಸಲ ಪಂದ್ಯದ ಪಟ್ಟಿ ಹಾಕುವಾಗ ಜಾಗ ಕಡಿಮೆಯಿದ್ದರೆ ಡಿಸ್ಪೋಸಲ್ ಕಾಲಂ ಬಿಟ್ಟು ಈ ನಾಲ್ಕನ್ನು ಎರಡೂ ತಂಡಗಳಿಗೆ ಕೊಡಿ: ಕಂಟೆಸ್ಟೆಡ್ ಪೊಸೆಷನ್, ಇನ್‌ಸೈಡ್ 50 (50 ಮೀಟರ್ ಗೆರೆಯೊಳಗೆ ಎಷ್ಟು ಸಲ ಚೆಂಡು ಒಯ್ದರು), ಟರ್ನೋವರ್‌ನಿಂದ (ಎದುರಾಳಿ ಕಳೆದುಕೊಂಡ ಚೆಂಡಿನಿಂದ) ಬಂದ ಅಂಕ, ಸ್ಟಾಪೇಜ್‌ನಿಂದ (ಆಟ ನಿಂತು ಮತ್ತೆ ಶುರುವಾದಲ್ಲಿಂದ) ಬಂದ ಅಂಕ. ಒಂದು ಪಂದ್ಯದ ಅಂತರ ಸಾಲದು, ಕಳೆದ ಐದಾರು ಪಂದ್ಯಗಳ ಸರಾಸರಿಯನ್ನೂ ಎದುರಾಳಿಗಳ ಹೆಸರನ್ನೂ ಪಕ್ಕದಲ್ಲಿ ಹಾಕಿದರೆ ಓದುಗರೇ ತಂಡವನ್ನು ಅಳೆದುಕೊಳ್ಳುತ್ತಾರೆ.

ಇಂತಿ,
ಒಬ್ಬ ಓದುಗ