ಲೌಟರ್‌ಬ್ರುನ್ನೆನ್ ಕಣಿವೆಯಿಂದ ಮಗಳಿಗೊಂದು ಪತ್ರ

ಚಿ. ಸೌ. ಮಗಳಿಗೆ ಅಮ್ಮ ಮಾಡುವ ಆಶೀರ್ವಾದಗಳು.

ನಾವಿಬ್ಬರೂ ಇಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಕ್ಷೇಮವಾಗಿದ್ದೇವೆ. ಅಪ್ಪನ ಮಂಡಿನೋವಿನ ಬಗ್ಗೆ ನೀನು ದಿನವೂ ವಿಚಾರಿಸುತ್ತಿರುವುದರಿಂದ ಮೊದಲು ಅದನ್ನೇ ಬರೆಯುತ್ತೇನೆ. ನಾಲ್ಕು ಮೆಟ್ಟಿಲು ಹತ್ತಲು ಗೋಡೆ ಹಿಡಿಯುವ ನಿನ್ನ ಅಪ್ಪ ನಿನ್ನೆ 3,454 ಮೀಟರ್ ಎತ್ತರದ ಯುಂಗ್‌ಫ್ರಾವ್‌ಯೋಖ್‌ನಲ್ಲಿ ನಿಂತು, ಆಲ್ಪ್ಸ್ ಪರ್ವತಗಳಲ್ಲೇ ದೊಡ್ಡದಾದ ಅಲೆಚ್ ಹಿಮನದಿಯನ್ನು ಕಣ್ತುಂಬ ನೋಡಿದರು.

ಲೂಸರ್ನ್ ಊರಿನಲ್ಲಿ ಒಂದು ಹಗಲು ಮಾತ್ರ ಇದ್ದೆವು. ಅಲ್ಲಿ ರಾಯ್ಸ್ ನದಿಯ ಮೇಲೆ ಹದಿನಾಲ್ಕನೆಯ ಶತಮಾನದ, ಚಾವಣಿಯಿರುವ ಮರದ ಸೇತುವೆಯೊಂದಿದೆ. 1993ರ ಆಗಸ್ಟ್‌ನ ಒಂದು ರಾತ್ರಿ ಅದರ ಬಹುಭಾಗ ಸುಟ್ಟುಹೋಯಿತಂತೆ. ಮರುವರ್ಷವೇ ಅದನ್ನು ಮತ್ತೆ ಕಟ್ಟಿ ಜನರ ಓಡಾಟಕ್ಕೆ ತೆರೆದರು. ಚಾವಣಿಯಡಿಯ ಹಳೆಯ ಚಿತ್ರಗಳಲ್ಲಿ ಹೆಚ್ಚಿನವು ಮಾತ್ರ ಉಳಿಯಲಿಲ್ಲ ಎಂದು ಕೇಳಿ ಮನಸ್ಸಿಗೆ ನೋವಾಯಿತು.

ಆದರೆ ನಿನಗೆ ವಿವರವಾಗಿ ಹೇಳಬೇಕಾದದ್ದು ನಮ್ಮನ್ನು ಯುಂಗ್‌ಫ್ರಾವ್‌ಯೋಖ್‌ಗೆ ಏರಿಸಿದ ಬೆಟ್ಟದ ರೈಲಿನ ವಿಷಯ. ನಮ್ಮ ಊಟಿ ರೈಲಿನ ಹಳಿಗಳ ನಡುವೆ ಹಲ್ಲಿನ ಪಟ್ಟಿಯಿರುವುದನ್ನು ನೀನು ಚಿಕ್ಕವಳಿದ್ದಾಗ ಬಗ್ಗಿ ನೋಡಿದ್ದೆಯಲ್ಲ, ಇಲ್ಲಿಯೂ ಅಂಥದೇ ವ್ಯವಸ್ಥೆ. ಗಾಡಿಯ ಕೆಳಗಿನ ಹಲ್ಲುಗಾಲಿ ಆ ಪಟ್ಟಿಯನ್ನು ಕಚ್ಚಿಕೊಂಡು ಏರುತ್ತದೆ. ಕ್ಲೈನೆ ಶೈಡೆಗ್ ಎಂಬ ನಿಲ್ದಾಣದಲ್ಲಿ ಗಾಡಿ ಬದಲಿಸಿದ ಮೇಲೆ ಇರುವ ಒಂಬತ್ತು ಕಿಲೋಮೀಟರಿಗಿಂತ ತುಸು ಹೆಚ್ಚಿನ ದಾರಿಯಲ್ಲಿ ಏಳು ಕಿಲೋಮೀಟರಿಗೂ ಮಿಕ್ಕಿ ಸುರಂಗವೇ. ಅದು ಐಗರ್ ಮತ್ತು ಮೋಂಖ್ ಎಂಬ ಎರಡು ಪರ್ವತಗಳ ಹೊಟ್ಟೆಯೊಳಗೆ ಸಾಗುತ್ತದೆ. ನಡುವೆ ಐಸ್‌ಮೇರ್ ಎಂಬಲ್ಲಿ ಗಾಡಿ ಕೆಲವು ನಿಮಿಷ ನಿಲ್ಲುತ್ತದೆ. ಬಂಡೆಯಲ್ಲಿ ಕೊರೆದು ಗಾಜು ಕೂರಿಸಿದ ಕಿಟಕಿಯಿಂದ ನೋಡಿದರೆ ಎದುರಿಗೇ ಸೀಳುಸೀಳಾಗಿ ಬಿರುಕು ಬಿಟ್ಟ ಹಿಮರಾಶಿ. ಆ ಬಿರುಕುಗಳ ಒಳಮೈ ತಿಳಿನೀಲಿ.

ಈ ರೈಲುದಾರಿಯ ಕೆಲಸ 1896ರಲ್ಲಿ ಆರಂಭವಾಗಿ, 1912ರ ಆಗಸ್ಟ್ 1ರಂದು ರೈಲು ಮೇಲಿನ ನಿಲ್ದಾಣ ಮುಟ್ಟಿತು. ಇದರ ಕನಸು ಕಂಡ ಅಡಾಲ್ಫ್ ಗೈಯರ್-ಝೆಲ್ಲರ್ ಎಂಬ ಉದ್ಯಮಿ 1899ರಲ್ಲೇ ತೀರಿಕೊಂಡರು. ಬಂಡೆ ಸಿಡಿಸಿ ಕಲ್ಲು ಹೊತ್ತವರಲ್ಲಿ ಹೆಚ್ಚಿನವರು ಇಟಲಿಯಿಂದ ಕೂಲಿಗೆ ಬಂದವರು. ಹಲವರು ಆ ಕೆಲಸದಲ್ಲೇ ಪ್ರಾಣ ಬಿಟ್ಟರು. ಅವರ ನೆನಪಿಗಾಗಿ ಮೇಲಿನ ಸುರಂಗದ ಗೋಡೆಯ ಮೇಲೆ ಹೆಸರುಗಳನ್ನು ಹಾಕಿದ್ದಾರೆ. ಹಿಮ ನೋಡುವ ಆತುರದಲ್ಲಿ ಜನ ಅದನ್ನು ದಾಟಿ ಹೋಗುತ್ತಿದ್ದರು. ನಿನ್ನ ಅಪ್ಪ ಮಾತ್ರ ಒಂದೊಂದನ್ನೂ ಓದಿದ ನಂತರವೇ ಮುಂದೆ ನಡೆದರು. ನಮ್ಮಂಥ ವಯಸ್ಸಾದವರು ಕುಳಿತಲ್ಲೇ ಕುಳಿತು ಇಷ್ಟು ಎತ್ತರ ಏರುವುದು ಅವರ ದುಡಿಮೆಯ ಋಣ ಎಂದೇ ನಾನು ಭಾವಿಸಿದ್ದೇನೆ.

ಇಂದು ಟ್ರುಮ್ಮೆಲ್‌ಬಾಖ್ ಜಲಪಾತಕ್ಕೆ ಹೋಗಿದ್ದೆವು. ಮೂರು ಪರ್ವತಗಳ ಹಿಮ ಕರಗಿದ ನೀರು ಬಂಡೆಯ ಒಳಗೇ ಕೊರೆದುಕೊಂಡು ಧುಮುಕುತ್ತದೆ. ಸೆಕೆಂಡಿಗೆ 20,000 ಲೀಟರ್‌ವರೆಗೂ ಹರಿಯುತ್ತದಂತೆ. ಕೈಗಂಬಿಯ ಮೇಲೆ ಕೈಯಿಟ್ಟರೆ ಅದರ ನಡುಕ ಅಂಗೈಗೆ ತಿಳಿಯುತ್ತದೆ. ಅಲ್ಲಿಗೆ ಬೆಟ್ಟದೊಳಗೆ ಲಿಫ್ಟ್ ಇದೆ, ಆದರೆ ಅದರಿಂದ ಇಳಿದ ಮೇಲೆ ಒದ್ದೆ ಮೆಟ್ಟಿಲುಗಳನ್ನು ಹತ್ತಿ ಇಳಿಯಬೇಕು. ಅಪ್ಪ ಅರ್ಧಕ್ಕೇ ನಿಂತರು.

ಮುಂದಿನ ವರ್ಷ ನೀವು ಬರುವಾಗ ನಿನ್ನ ಅತ್ತೆಯವರನ್ನು ಮನೆಯಲ್ಲಿ ಬಿಟ್ಟು ಬರಬೇಡ. ಕಾಲುನೋವು ಎಂದು ಅವರೇ ಹಿಂಜರಿದರೂ ಒತ್ತಾಯಿಸಿ ಕರೆತಾ. ವೈದ್ಯರನ್ನು ಮೊದಲೇ ಕೇಳಿಕೊಂಡಿರು, ಏಕೆಂದರೆ ಮೇಲೆ ಗಾಳಿ ತೆಳುವಾಗಿದ್ದು ಬೇಗ ದಣಿವಾಗುತ್ತದೆ. ಊರೂರು ಓಡದೆ ಈ ಕಣಿವೆಯಲ್ಲೇ ಕೋಣೆ ಹಿಡಿಯಿರಿ, ಆಕಾಶ ತಿಳಿಯಾಗಿರುವ ದಿನ ನೋಡಿ ಬೆಳಗಿನ ಮೊದಲ ಗಾಡಿಗೆ ಹೊರಡಿರಿ.

ಇಂತು ನಿನ್ನ ಪ್ರೀತಿಯ,
ಅಮ್ಮ